ಕಾಸರಕದ ವಿಷ ಎಲ್ಲಿಗೆ ಹೋಗುತ್ತದೆ

ಆಟಿ ಅಮಾವಾಸ್ಯೆಯ ಹಿಂದಿನ ಸಂಜೆ ದೊಡ್ಡಪ್ಪ ಒಂದು ಬಾಳೆ ನಾರು ಹಿಡಿದುಕೊಂಡು ಗುಡ್ಡೆ ಹತ್ತುತ್ತಾರೆ. ಹಾಲೆ ಮರಕ್ಕೆ ಕಟ್ಟಿ ಬರಲಿಕ್ಕೆ. ತುಳುವರ ಆಟಿ ತಿಂಗಳ ಅಮಾವಾಸ್ಯೆಯ ದಿನ ಆ ಮರದ ತೊಗಟೆಯ ಕಷಾಯ ಕುಡಿಯುವುದು ನಮ್ಮ ಕಡೆಯ ರೂಢಿ. ಮರುದಿನ ಬೆಳಕು ಹರಿಯುವ ಮೊದಲು ಹೋಗಿ, ಕತ್ತಿ ಮುಟ್ಟಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯಬೇಕಲ್ಲ, ಆ ಕತ್ತಲಲ್ಲಿ ಕೈ ತಡವಿದಾಗ ನಾರು ಸಿಗಬೇಕು. ಈ ಸಲ ನನ್ನ ಮಗಳೂ ಹೋದಳು. ದೊಡ್ಡಪ್ಪ ಅವಳ ಹೆಬ್ಬೆರಳಿನ ಉಗುರಿನಿಂದ ತೊಗಟೆ ಗೀರಿಸಿದರು. ಗೀರಿದ ಕಡೆ ಬಿಳಿ ಹಾಲು ಮಣಿಮಣಿಯಾಗಿ ಬಂತು.

"ಹಾಲು ಬಂದರೆ ಸಾಲದು ಮಗಾ, ಎಲೆಯನ್ನೂ ನೋಡು. ಆರು ಏಳು ಎಲೆ ಒಂದೇ ಕಡೆ ಕೊಡೆ ಬಿಡಿಸಿದ ಹಾಗೆ ಉಂಟಲ್ಲ? ಅಲ್ಲಿ ಕಾಣುವುದು ಕಾಸರಕ. ಅದರಲ್ಲಿ ಎರಡೆರಡೇ ಎಲೆ, ಹಾಲು ಇಲ್ಲ. ಕತ್ತಲಲ್ಲಿ ತಪ್ಪಿ ಅದರ ತೊಗಟೆ ತಂದು ಕುಡಿದರೆ ಮನೆಗೆ ಮನೆಯೇ ಹೋದೀತು."

ಉತ್ಪ್ರೇಕ್ಷೆ ಅಲ್ಲ. ನಮ್ಮ ಕಡೆ ಹಾಗೆ ತಪ್ಪಿ ಕುಡಿದು ಜೀವ ಹೋದ ಕಥೆಗಳು ಎಲ್ಲರ ಮನೆಯಲ್ಲೂ ಉಂಟು. ಗೊತ್ತಿಲ್ಲದವರು ದಯವಿಟ್ಟು ಗೊತ್ತಿದ್ದವರನ್ನು ಕರೆದುಕೊಂಡೇ ಹೋಗಿ, ಸಂಶಯ ಇದ್ದರೆ ಆ ವರ್ಷ ಕಷಾಯವೇ ಬೇಡ.

ಮರುದಿನ ಕಾಳುಮೆಣಸು, ಬೆಳ್ಳುಳ್ಳಿ, ಓಮ ಹಾಕಿ ಅರೆದ ಕಷಾಯಕ್ಕೆ ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲು ಇಳಿಸಿದಾಗ ಚುಂಯ್ ಎಂದಿತು. ಆ ಕಹಿ ಗಂಟಲಲ್ಲಿ ಇಳಿಸಿ, ಮೇಲಿಂದ ಮೆಂತೆ ಗಂಜಿ ಉಂಡು ಕೂತಾಗ ಮಗಳು ಕೇಳಿದಳು, "ಒಂದೇ ಗುಡ್ಡೆ, ಒಂದೇ ಮಣ್ಣು. ಒಂದು ಮರ ಮದ್ದು, ಪಕ್ಕದ ಮರ ವಿಷ. ಎಂತಕ್ಕೆ ಹಾಗೆ?"

ಈ ಬರಹ ಅವಳಿಗೆ ಕೊಟ್ಟ ಉತ್ತರವೇ. ಆ ಹೊತ್ತಿಗೆ ಅರ್ಧ ಮಾತ್ರ ಹೇಳಿದ್ದೆ.

ಕಾಸರಕ ನಮ್ಮ ಊರಿನ ಹೆಸರಲ್ಲೇ ಇರುವ ಮರ. ತುಳುವಿನಲ್ಲಿ ಕಾಯೆರ್, ಮಲಯಾಳದಲ್ಲಿ ಕಾಂಞಿರ. ಕಾಸರಗೋಡು ಎಂಬ ಹೆಸರು ಬಂದದ್ದೇ ಇದರಿಂದ ಎನ್ನುತ್ತಾರೆ, ಜಿಲ್ಲೆಯ ಅಧಿಕೃತ ಮರವೂ ಇದೇ. ಇದರ ಬೀಜದಲ್ಲಿ ಇರುವ ವಿಷ ಸ್ಟ್ರಿಕ್ನೀನ್. 1818ರಲ್ಲಿ ಫ್ರಾನ್ಸಿನ ಪೆಲ್ಟಿಯೇ ಮತ್ತು ಕಾವೆಂಟೂ ಎಂಬ ಇಬ್ಬರು ಇದನ್ನು ಇದೇ ಜಾತಿಯ ಇನ್ನೊಂದು ಗಿಡದ ಬೀಜದಿಂದ ಬೇರ್ಪಡಿಸಿದರು. ಆದರೆ ಅದರ ಒಳಗೆ ಪರಮಾಣುಗಳು ಹೇಗೆ ಕೂತಿವೆ ಎಂದು ಗೊತ್ತಾಗಲು 1946 ಆಗಬೇಕಾಯಿತು, ಇಂಗ್ಲೆಂಡಿನ ರಾಬರ್ಟ್ ರಾಬಿನ್ಸನ್ ಅದನ್ನು ಬಿಡಿಸಿದರು. ಏಳು ಉಂಗುರಗಳು ಒಂದಕ್ಕೊಂದು ಹೆಣೆದುಕೊಂಡಿರುವ ಅಣು ಅದು. 1954ರಲ್ಲಿ ಅಮೆರಿಕದ ವುಡ್‌ವರ್ಡ್ ಅದನ್ನು ಲ್ಯಾಬಿನಲ್ಲಿ ಕಟ್ಟಿಯೂ ತೋರಿಸಿದರು. ಅಷ್ಟಾದರೂ ಮರ ಅದನ್ನು ಹೇಗೆ ಮಾಡುತ್ತದೆ ಎಂಬುದು ಮಾತ್ರ ಯಾರಿಗೂ ಪೂರ್ತಿ ತಿಳಿದಿರಲಿಲ್ಲ.

ಅದು ತಿಳಿದದ್ದು 2022ರಲ್ಲಿ. ಜರ್ಮನಿಯ ಯೇನಾದಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಸಾರಾ ಓಕಾನರ್, ಬೆಂಕೆ ಹಾಂಗ್ ಮತ್ತು ಅವರ ಜೊತೆಯವರು ಮಾಡಿದ ಕೆಲಸ. ಅವರ ದಾರಿ ನನಗೆ ತುಂಬಾ ಇಷ್ಟವಾಯಿತು. ಕಾಸರಕವನ್ನು ಒಂದನ್ನೇ ನೋಡುತ್ತಾ ಕೂರಲಿಲ್ಲ. ಅದರ ಹತ್ತಿರದ ಸಂಬಂಧಿ ಗಿಡ ಒಂದನ್ನು ಪಕ್ಕಕ್ಕೆ ಇಟ್ಟುಕೊಂಡರು, ಅದು ಸ್ಟ್ರಿಕ್ನೀನ್ ಮಾಡುವುದಿಲ್ಲ, ಡಯಾಬೊಲೀನ್ ಎಂಬ ಬೇರೆ ಅಣು ಮಾಡುತ್ತದೆ. ಎರಡರಲ್ಲೂ ಯಾವ ಯಾವ ಜೀನ್ ಕೆಲಸ ಮಾಡುತ್ತಿವೆ ಎಂದು ಹೋಲಿಸಿ, ಅನುಮಾನ ಬಂದ ಜೀನ್‌ಗಳನ್ನು ಹೊಗೆಸೊಪ್ಪಿನ ಜಾತಿಯ ಒಂದು ಗಿಡಕ್ಕೆ ಹಾಕಿ ನೋಡಿದರು. ಮಧ್ಯದ ಒಂದು ಅಣುವನ್ನು ಕೊಟ್ಟಾಗ ಆ ಹೊಗೆಸೊಪ್ಪಿನ ಗಿಡ ಕಾಸರಕದ ವಿಷವನ್ನೇ ಮಾಡಿತು!

ಇನ್ನೂ ಚೆಂದದ ಸಂಗತಿ ಕೊನೆಯ ಹೆಜ್ಜೆಯದು. ಪ್ರತಿ ಹೆಜ್ಜೆಗೂ ಒಂದೊಂದು ಕಿಣ್ವ, ಅಂದರೆ ಅಣುವನ್ನು ಬದಲಾಯಿಸುವ ಪ್ರೋಟೀನ್, ಬೇಕಲ್ವಾ, ಕೊನೆಯದಕ್ಕೆ ಯಾವುದು ಎಂದು ಹುಡುಕಿದರೆ ಸಿಗಲೇ ಇಲ್ಲ. ಕಿಣ್ವವೇ ಬೇಡ. ಪ್ರೀಸ್ಟ್ರಿಕ್ನೀನ್ ಎಂಬ ಅಣು ಸುಮ್ನೆ ಇದ್ದರೆ ಸಾಕು, ನಿಧಾನಕ್ಕೆ ತನ್ನಷ್ಟಕ್ಕೆ ಸ್ಟ್ರಿಕ್ನೀನ್ ಆಗುತ್ತದೆ. ಮರ ಎಲ್ಲ ಸಿದ್ಧ ಮಾಡಿಟ್ಟು ಬಿಡುತ್ತದೆ, ಉಳಿದದ್ದು ತಾನೇ ಆಗುತ್ತದೆ.

ಮಗಳ ಪ್ರಶ್ನೆಗೆ ಉತ್ತರ ಇರುವುದು ಈ ದಾರಿಯ ಆರಂಭದಲ್ಲಿ. ಸ್ಟ್ರಿಕ್ಟೋಸಿಡೀನ್ ಎಂಬ ಒಂದು ಅಣು ಉಂಟು. ಕಾಸರಕ ತನ್ನ ವಿಷವನ್ನು ಅಲ್ಲಿಂದ ಶುರು ಮಾಡುತ್ತದೆ. ಹಾಲೆ ಮರವೂ ತನ್ನ ಕಹಿಯನ್ನು ಶುರು ಮಾಡುವುದು ಅದೇ ಅಣುವಿನಿಂದ. ಅಂಗಳದಲ್ಲಿ ಯಾರೂ ನೀರು ಹಾಕದಿದ್ದರೂ ಹೂ ಬಿಡುವ ನಿತ್ಯಪುಷ್ಪವೂ ಅಲ್ಲಿಂದಲೇ ಹೊರಟು ಕ್ಯಾನ್ಸರ್ ಔಷಧಿ ವಿನ್‌ಬ್ಲಾಸ್ಟೀನ್ ತನಕ ಹೋಗುತ್ತದೆ. ಒಂದೇ ಹೊಸ್ತಿಲು, ಬೇರೆ ಬೇರೆ ದಾರಿ. ಆ ವಿನ್‌ಬ್ಲಾಸ್ಟೀನ್ ಒಂದು ಗ್ರಾಂ ಸಿಗಬೇಕಾದರೆ ಸುಮಾರು 500 ಕಿಲೋ ಒಣ ಎಲೆ ಬೇಕು. 2022ರಲ್ಲೇ ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದ ತಂಡ ಗಿಡದ 34 ಜೀನ್‌ಗಳನ್ನು ಯೀಸ್ಟಿಗೆ ಸೇರಿಸಿ, ಆ ಔಷಧಿಯ ಎರಡು ತುಂಡುಗಳನ್ನೂ ಅದರಿಂದಲೇ ಮಾಡಿಸಿತು. ನಾವು ಬ್ರೆಡ್ಡಿಗೆ ಹಾಕುವ ಜಾತಿಯ ಯೀಸ್ಟೇ.

ಇಷ್ಟು ಹೇಳಿದ್ದಕ್ಕೆ ಮಗಳು ಸುಮ್ಮನಾದಳು. ನನಗೇ ಮನಸ್ಸು ಅಲ್ಲಿ ನಿಲ್ಲಲಿಲ್ಲ. ನಮ್ಮ ಜಿಲ್ಲೆಯಲ್ಲಿ ವಿಷ ಎಂದರೆ ಕಾಸರಕ ನೆನಪಾಗುವ ಕಾಲ ಹೋಗಿ ಎಷ್ಟೋ ವರ್ಷ ಆಯಿತು. ಈಗ ನೆನಪಾಗುವ ಹೆಸರು ಎಂಡೋಸಲ್ಫಾನ್ ಎಂಬ ಕೀಟನಾಶಕದ್ದು.

ನಾನು ಎರಡನೆಯ ಕ್ಲಾಸೋ ಮೂರನೆಯ ಕ್ಲಾಸೋ. ಗೇರು ಹೂ ಬಿಡುವ ಕಾಲದಲ್ಲಿ ಹೆಲಿಕಾಪ್ಟರ್ ಬರುತ್ತಿತ್ತು. ಸದ್ದು ಕೇಳಿದ ಕೂಡಲೇ ನಾವೆಲ್ಲ ಅಂಗಳಕ್ಕೆ ಓಡುತ್ತಿದ್ದೆವು, ಕೈ ಬೀಸುತ್ತಿದ್ದೆವು. ಟೀ ಸೊಳ್ಳೆ ಎಂಬ ಕೀಟಕ್ಕೆ ಮದ್ದು ಬಿಡುತ್ತಾರೆ ಎಂದಷ್ಟೇ ಗೊತ್ತು. ಅಮ್ಮ ಬಾವಿಗೆ ಮಡಲು ಮುಚ್ಚುತ್ತಿದ್ದರು. ತೆಂಗಿನ ಮಡಲು! ಗಾಳಿಯಲ್ಲಿ ತೇಲಿ ಬರುವುದಕ್ಕೆ ಮಡಲು ಯಾವ ತಡೆ? ಎಪ್ಪತ್ತರ ದಶಕದ ಕೊನೆಯಿಂದ 2000ದ ತನಕ ಇದು ನಡೆಯಿತು. ನನ್ನ ಬೆಂಚಿನಲ್ಲಿ ಕೂರುತ್ತಿದ್ದವಳ ತಮ್ಮ ನಡೆಯಲೂ ಇಲ್ಲ, ಮಾತಾಡಲೂ ಇಲ್ಲ. ಅವನಿಗೆ ಇಪ್ಪತ್ತು ದಾಟಿದ ಮೇಲೂ ಅವರ ಅಮ್ಮ ಜಗಲಿಯಲ್ಲಿ ಕೂತು, ಗಂಜಿಯನ್ನು ಕೈಯಲ್ಲೇ ನುರಿದು ಬಾಯಿಗೆ ಇಡುತ್ತಿದ್ದರು. ಗಲ್ಲದ ಮೇಲೆ ಇಳಿದದ್ದನ್ನು ಸೆರಗಿನಲ್ಲಿ ಒರೆಸುತ್ತಾ, "ಇದು ಅದರಿಂದಲೇ ಆದದ್ದಾ?" ಎಂದು ಮನೆಗೆ ಬಂದವರನ್ನೆಲ್ಲ ಕೇಳುತ್ತಿದ್ದರು.

2011ರಲ್ಲಿ, ಬೇಗ ಹಾಳಾಗದೆ ಉಳಿಯುವ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಅದೇ ವರ್ಷ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ನಿಲ್ಲಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಹೇಳಿತು. ಇದೆಲ್ಲ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವುದು.

ಗೊತ್ತಿಲ್ಲದ್ದು, ನನಗೂ ಇತ್ತೀಚೆಗೆ ಓದುವಾಗ ಗೊತ್ತಾದದ್ದು ಬೇರೆ. ನಮ್ಮ ನರಗಳಿಗೆ ಓಡು ಎನ್ನುವ ಸಂಕೇತವೂ ಬೇಕು, ನಿಲ್ಲು ಎನ್ನುವುದೂ ಬೇಕು. ನಿಲ್ಲು ಎನ್ನುವ ಕೆಲಸ ಗ್ಲೈಸೀನ್ ಮತ್ತು ಗಾಬಾ ಎಂಬ ಎರಡು ಅಣುಗಳದ್ದು. ಇವು ನರಕೋಶದ ಮೇಲಿನ ಸಣ್ಣ ಬಾಗಿಲುಗಳನ್ನು ತೆರೆದು ಕ್ಲೋರೈಡನ್ನು ಒಳಗೆ ಬಿಡುತ್ತವೆ, ನರ ಶಾಂತವಾಗುತ್ತದೆ. ಕಾಸರಕದ ಸ್ಟ್ರಿಕ್ನೀನ್ ಗ್ಲೈಸೀನಿನ ಬಾಗಿಲನ್ನು ತಡೆಯುತ್ತದೆ. ಎಂಡೋಸಲ್ಫಾನ್ ಗಾಬಾದ ಬಾಗಿಲನ್ನು ತಡೆಯುತ್ತದೆ. ಎರಡರಲ್ಲೂ ಬ್ರೇಕು ಹೋಗುತ್ತದೆ, ಜಾಸ್ತಿ ಆದರೆ ಮೈ ಸೆಟೆದುಕೊಂಡು ಫಿಟ್ಸ್ ಬರುತ್ತದೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಗುಡ್ಡೆಯ ಮರ ಯಾವ ಕೆಲಸ ಮಾಡುತ್ತದೋ, ಬಹುತೇಕ ಅದೇ ಕೆಲಸವನ್ನು ಫ್ಯಾಕ್ಟರಿಯ ಅಣುವೂ ಮಾಡುತ್ತದೆ.

ಹಾಗಾದರೆ ವ್ಯತ್ಯಾಸ ಎಲ್ಲಿ? ನನ್ನ ಪ್ರಕಾರ ಕೆಲಸ ಮುಗಿದ ಮೇಲಿನ ಕಥೆಯಲ್ಲಿ. ಕಾಸರಕದ ಸೊಪ್ಪನ್ನು ನಮ್ಮ ಹಿರಿಯರು ಗದ್ದೆಗೆ ಹಾಕುತ್ತಿದ್ದರು, ಈಗಲೂ ಕೆಲವರು ತೋಟಕ್ಕೆ ಹಾಕುತ್ತಾರೆ. ಅದು ಕೊಳೆತು ಗೊಬ್ಬರವಾಗುತ್ತದೆ, ಮಣ್ಣಿನ ಸೂಕ್ಷ್ಮಜೀವಿಗಳಿಗೆ ಈ ಜಾತಿಯ ಅಣುಗಳ ಪರಿಚಯ ಎಷ್ಟೋ ಕಾಲದ್ದು. ಎಂಡೋಸಲ್ಫಾನಿಗೆ ಆರು ಕ್ಲೋರಿನ್ ಅಂಟಿಕೊಂಡಿವೆ. ಮಣ್ಣಿನಲ್ಲಿ ಅದು ಬದಲಾಗುತ್ತದೆ, ಆದರೆ ಎಂಡೋಸಲ್ಫಾನ್ ಸಲ್ಫೇಟ್ ಎಂಬ ಇನ್ನೊಂದು ರೂಪಕ್ಕೆ. ಅದೂ ವಿಷವೇ, ಮೊದಲಿನದಕ್ಕಿಂತ ಹೆಚ್ಚು ದಿನ ಉಳಿಯುವ ವಿಷ. ಎಂಡೋಸಲ್ಫಾನನ್ನು ಕಂಡುಹಿಡಿದವರು ಕೀಟ ಸಾಯುತ್ತದಾ ಎಂದು ನೋಡಿದರು. ಕೀಟ ಸತ್ತ ಮೇಲೆ ಇದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ, ಉತ್ತರ ಸಿಗುವ ತನಕ ಕಾದಿದ್ದರೆ ನನ್ನ ಗೆಳತಿಯ ಮನೆಯ ಜಗಲಿ ಬೇರೆ ಥರ ಇರುತ್ತಿತ್ತೋ ಏನೋ.

ಈಗ ವಿಜ್ಞಾನದ ಸುದ್ದಿ ಓದುವಾಗ ನನ್ನ ಕಣ್ಣು ಹೋಗುವುದು ಆ ಎರಡನೆಯ ಪ್ರಶ್ನೆಯ ಕಡೆಗೇ. ಸಂತೋಷ ಏನೆಂದರೆ, ಅದನ್ನು ಕೇಳುವವರು ಜಾಸ್ತಿ ಆಗುತ್ತಿದ್ದಾರೆ. ಎಂಡೋಸಲ್ಫಾನ್ ವಿಷಯದಲ್ಲೇ, ಆಸ್ಟ್ರೇಲಿಯಾದ ವಿಜ್ಞಾನಿಗಳು ಸುಮಾರು 2000ದ ಹೊತ್ತಿಗೆ ಮಣ್ಣಿನ ಬ್ಯಾಕ್ಟೀರಿಯಾಗಳಿಗೆ ಬೇರೆ ಯಾವ ಗಂಧಕವನ್ನೂ ಕೊಡದೆ ಎಂಡೋಸಲ್ಫಾನನ್ನು ಮಾತ್ರ ಕೊಟ್ಟರು. ಬದುಕಬೇಕಾದರೆ ಅದರೊಳಗಿನ ಗಂಧಕವನ್ನೇ ಕಿತ್ತು ತಿನ್ನಬೇಕು. ಹಾಗೆ ಕಿತ್ತು ತಿನ್ನಬಲ್ಲವು ಉಳಿದುಕೊಂಡವು, ಗಂಧಕ ಹೋದ ಮೇಲೆ ಆ ಅಣುವಿನ ವಿಷ ತುಂಬಾ ಇಳಿಯುತ್ತದೆ. ಪ್ಲಾಸ್ಟಿಕ್‌ನ ಕಥೆಯೂ ಹೀಗೇ. 2016ರಲ್ಲಿ ಜಪಾನಿನ ಸಕಾಯ್ ಎಂಬಲ್ಲಿ ಬಾಟಲಿ ಮರುಬಳಕೆ ಮಾಡುವ ಜಾಗದ ಹತ್ತಿರ ಪೆಟ್ ಪ್ಲಾಸ್ಟಿಕ್ ತಿನ್ನುವ ಬ್ಯಾಕ್ಟೀರಿಯಾ ಸಿಕ್ಕಿತು. 2022ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದವರು ಕಂಪ್ಯೂಟರಿನ ಸಹಾಯದಿಂದ ಅದರ ಕಿಣ್ವವನ್ನು ತಿದ್ದಿ, 50 ಡಿಗ್ರಿ ಬಿಸಿಯಲ್ಲಿ ಒಂದೇ ವಾರದಲ್ಲಿ ಪೆಟ್ ಡಬ್ಬಿಗಳನ್ನು ಕರಗಿಸಿದರು. ಆದರೆ ಅದು ಪೆಟ್‌ಗೆ ಮಾತ್ರ. ನಮ್ಮ ಅಡಿಕೆ ಗೂಡಿನ ಮೇಲೆ ಹರಿದು ಚಿಂದಿಯಾಗುವ ಪಾಲಿಥೀನ್ ಶೀಟಿಗೆ ಅದರಿಂದ ಏನೂ ಆಗುವುದಿಲ್ಲ.

ನಾನ್‌ಸ್ಟಿಕ್ ಪಾತ್ರೆ, ರೈನ್‌ಕೋಟು, ಬೆಂಕಿ ಆರಿಸುವ ನೊರೆಯಲ್ಲಿ ಬಳಸುವ ಪಿಎಫ್‌ಎಎಸ್ ಎಂಬ ಅಣುಗಳು ಎಂಡೋಸಲ್ಫಾನಿಗಿಂತಲೂ ಹಠದವು. 2022ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ತಂಡ ಇವುಗಳ ಒಂದು ಗುಂಪನ್ನು ಕಾಸ್ಟಿಕ್ ಸೋಡಾ ಮತ್ತು ಒಂದು ಸಾಮಾನ್ಯ ದ್ರಾವಕದಲ್ಲಿ 80ರಿಂದ 120 ಡಿಗ್ರಿಗೆ ಕಾಯಿಸಿ ಒಡೆಯಿತು. ಸಾಬೂನು ಮಾಡುವ ಅದೇ ಕಾಸ್ಟಿಕ್ ಸೋಡಾ. ಆದರೆ ಒಡೆಯುವ ಮೊದಲು ನೀರಿನಿಂದ ಹಿಡಿದು ತೆಗೆಯಬೇಕಲ್ಲ? ಅದಕ್ಕೆ 2025ರ ರಸಾಯನಶಾಸ್ತ್ರದ ನೊಬೆಲ್ ಬಂದ ಕೆಲಸ ಉಂಟು. ರಿಚರ್ಡ್ ರಾಬ್ಸನ್, ಸುಸುಮು ಕಿಟಗಾವಾ, ಒಮರ್ ಯಾಘಿ ಮೂವರೂ ಲೋಹವನ್ನು ಗಂಟಾಗಿ, ಇಂಗಾಲದ ಅಣುಗಳನ್ನು ಕಡ್ಡಿಯಾಗಿ ಇಟ್ಟು, ಒಳಗೆಲ್ಲ ತೂತೇ ಇರುವ ಹರಳುಗಳನ್ನು ಕಟ್ಟಿದರು. 1989ರಲ್ಲಿ ರಾಬ್ಸನ್ ಮೊದಲು ಬಳಸಿದ ಲೋಹ ತಾಮ್ರ, ನಾವು ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತಿನಲ್ಲಿ ಇರುವ ತಾಮ್ರವೇ. ಇಂಥ ಹರಳು ಒಂದೆರಡು ಗ್ರಾಂ ಇದ್ದರೂ ಒಳಗಿನ ಮೈಯನ್ನೆಲ್ಲ ಬಿಡಿಸಿ ಹಾಸಿದರೆ ಫುಟ್ಬಾಲ್ ಮೈದಾನದಷ್ಟು. ನೀರಿನಿಂದ ಪಿಎಫ್‌ಎಎಸ್ ಹಿಡಿಯಲೂ ಇವನ್ನು ಪ್ರಯೋಗಿಸುತ್ತಿದ್ದಾರೆ.

ಇದನ್ನು ನಾನು ದೂರದ ಸುದ್ದಿಯಾಗಿ ಓದಲಾರೆ. ನಮ್ಮ ಮನೆಯ ನೀರು ಸುರಂಗದ್ದು. ಮುರಕಲ್ಲಿನ ಗುಡ್ಡೆಗೆ ಅಡ್ಡವಾಗಿ ಕೊರೆದದ್ದು. ಆ ಕಲ್ಲಿನಲ್ಲೂ ತೂತೇ ತೂತು, ಮಳೆಗಾಲದ ನೀರನ್ನು ಹೀರಿಟ್ಟುಕೊಂಡು ಎಪ್ರಿಲ್‌ನಲ್ಲೂ ಹನಿಹನಿಯಾಗಿ ದಂಬೆಗೆ ಬಿಡುತ್ತದೆ. ಗುಡ್ಡೆಯ ಮೇಲೆ ಬಿದ್ದದ್ದು ಒಂದಲ್ಲ ಒಂದು ದಿನ ನಮ್ಮ ಕೊಡಪಾನಕ್ಕೆ ಇಳಿಯುತ್ತದೆ. ಹಾಗಾಗಿ ಹೊಸ ಕೀಟನಾಶಕ ಬರಲಿ, ತೋಟಕ್ಕೆ ಡ್ರೋನ್ ಬರಲಿ, ಅಂಗಡಿಯವರ ಹತ್ತಿರ ನಾನು ಕೇಳುವುದು ಇದನ್ನೇ, ಮಣ್ಣಿನಲ್ಲಿ ಎಷ್ಟು ದಿನ ಇರುತ್ತದೆ, ಒಡೆದು ಏನಾಗುತ್ತದೆ? ಗೊತ್ತಿಲ್ಲ ಎಂದರೆ ತರುವುದಿಲ್ಲ.

ಮೊನ್ನೆ ದೊಡ್ಡಪ್ಪ ಬೇಲಿ ಬದಿಯ ಕಾಸರಕದ ಗೆಲ್ಲು ಕಡಿದು ಸೊಪ್ಪನ್ನು ಅಡಿಕೆ ಬುಡಕ್ಕೆ ಹಾಕಿದರು. ಮಗಳು ಕಳೆದ ವರ್ಷ ಹಾಕಿದ ಬುಡವನ್ನು ಕೋಲಿನಿಂದ ಕೆದಕಿ ನೋಡಿದಳು. ಎಲೆ ಒಂದೂ ಇರಲಿಲ್ಲ. ಮೂರು ನಾರುಗಳ ಒಂದು ಬಲೆ ಮಾತ್ರ ಕೈಗೆ ಸಿಕ್ಕಿತು, ಅದರ ಕೆಳಗೆ ಕಪ್ಪು ಮಣ್ಣು, ಮಣ್ಣಿನಲ್ಲಿ ಎರೆಹುಳ.

"ಇದು ತಿಂದಿತಾ ವಿಷವನ್ನು?" ಎಂದು ಕೇಳಿದಳು.

"ಇದೊಂದೇ ಅಲ್ಲ," ಎಂದೆ. "ಕೂತುಕೋ, ಹೇಳುತ್ತೇನೆ."