ಎರಡು ಮಾರು ಹಗ್ಗ

ನಮ್ಮ ಪಿ.ಟಿ. ಸಾರ್‌ಗೆ ಬ್ಯಾಡ್ಮಿಂಟನ್‌ನಲ್ಲಿ ಸಿಂಗಲ್ಸ್ ಆಟ ಅಂದರೆ ಅಷ್ಟಕ್ಕಷ್ಟೇ. ಪ್ರಕಾಶ್ ಪಡುಕೋಣೆ ಒಬ್ಬರನ್ನು ಬಿಟ್ಟರೆ ಬೇರೆ ಸಿಂಗಲ್ಸ್ ಆಟಗಾರರ ಸುದ್ದಿ ಅವರ ಬಾಯಲ್ಲಿ ಬಂದದ್ದೇ ಕಡಿಮೆ. “ಒಬ್ಬಳೇ ಓಡಿ ಗೆಲ್ಲೂದು ಒಂದು ಲೆಕ್ಕ ಮಾರಾಯ್ತಿ. ಪಕ್ಕದವಳನ್ನೂ ಕರಕೊಂಡು ಗೆಲ್ಲೂದು ಬೇರೆಯೇ ಲೆಕ್ಕ” ಅನ್ನುತ್ತಿದ್ದರು. ಕಳೆದ ಆಷಾಢದಲ್ಲಿ ಅವರು ತೀರಿಕೊಂಡರು. ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಶಾಲೆಯಿಂದ ಫೋನ್ ಬಂದಾಗ ನನಗೆ ಬೇರೆ ವಿಷಯ ಹೊಳೆಯಲೇ ಇಲ್ಲ. ಸಾರ್ ಬಗ್ಗೆ ಬರೆಯಬೇಕು. ಅವರ ಬಗ್ಗೆ ಬರೆಯಲು ಕೂತರೆ ಡಬಲ್ಸ್ ಆಟಗಾರ್ತಿ ಅಶ್ವಿನಿ ಪೊನ್ನಪ್ಪ ಅವರನ್ನು ಬಿಟ್ಟು ಬರೆಯಲು ಆಗುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಎಂಟನೇ ಕ್ಲಾಸಿಗೆ ಸೇರಿದ್ದು 1992ರಲ್ಲಿ. ಬ್ಯಾಡ್ಮಿಂಟನ್ ಒಲಿಂಪಿಕ್ಸ್‌ನಲ್ಲಿ ಪದಕದ ಆಟವಾದದ್ದೂ ಅದೇ ವರ್ಷ, ಬಾರ್ಸಿಲೋನಾದಲ್ಲಿ. ನಮ್ಮ ಕಡೆ ಆಗ ಬ್ಯಾಡ್ಮಿಂಟನ್ ಅಂದರೆ ಹಳದಿ ಉಲ್ಲನ್ ಚೆಂಡಿನ ಬಾಲ್ ಬ್ಯಾಡ್ಮಿಂಟನ್. ಐದೈದು ಜನ, ಬಯಲಲ್ಲಿ. ಜೂನ್ ಬಂತು ಅಂದರೆ ಅದೂ ಬಂದ್. ತೀರ್ಥಹಳ್ಳಿ, ಹೊಸನಗರದ ಕಡೆಯ ಮಳೆ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದಸರಾದವರೆಗೆ ಮೈದಾನಕ್ಕೆ ಕಾಲಿಡುವ ಹಾಗಿರಲಿಲ್ಲ. ಪಿ.ಟಿ. ಪೀರಿಯಡ್‌ನಲ್ಲಿ ಸುಮ್ನೆ ಕ್ಲಾಸಿನಲ್ಲಿ ಕೂತು ಅಂತ್ಯಾಕ್ಷರಿ ಹಾಡುತ್ತಿದ್ದೆವು.

ಸಾರ್ ಘಟ್ಟದ ಕೆಳಗಿನವರು. ಬಂದ ಮೊದಲ ಮಳೆಗಾಲದಲ್ಲೇ ಹೆಡ್ ಮೇಷ್ಟ್ರ ಹತ್ತಿರ ಹೋಗಿ ಶಟಲ್ ಬ್ಯಾಡ್ಮಿಂಟನ್ ಆಡಿಸಲು ಪ್ರಾರ್ಥನೆಯ ಹಾಲ್ ಕೇಳಿದರಂತೆ. ಗಾಳಿ ತಾಗಬಾರದ ಆಟ ಇದು, ಮಾಡು ಒಂದಿದ್ದರೆ ಸಾಕು, ಈ ಊರಿಗೆ ಇದಕ್ಕಿಂತ ಸರಿಯಾದ ಆಟ ಇಲ್ಲ ಅನ್ನುವುದು ಅವರ ವಾದ. ಹೆಡ್ ಮೇಷ್ಟ್ರು ಅನುಮಾನಿಸಿದಾಗ ಪಡುಕೋಣೆಯವರ ಕಥೆ ಹೇಳಿದರಂತೆ. ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಹಾಲ್‌ನಲ್ಲಿ, ಮದುವೆ ಇಲ್ಲದ ದಿನ ಆಡಿ ಕಲಿತವರು 1980ರಲ್ಲಿ ಆಲ್ ಇಂಗ್ಲೆಂಡ್ ಟೂರ್ನಮೆಂಟ್ ಗೆದ್ದರು. ಮದುವೆ ಹಾಲ್‌ನಲ್ಲಿ ಆಗುವುದು ಪ್ರಾರ್ಥನೆಯ ಹಾಲ್‌ನಲ್ಲಿ ಯಾಕಾಗಬಾರದು?

ಹಾಲ್ ಸಿಕ್ಕಿತು. ಆದರೆ ಹಂಚಿನ ಮಾಡು, ಅಡ್ಡಕ್ಕೆ ತೊಲೆಗಳು. ಶಟಲ್ ಎತ್ತರಕ್ಕೆ ಹೋದರೆ ತೊಲೆಗೆ ತಾಗುತ್ತಿತ್ತು. ತಾಗಿದರೆ ಲೆಟ್, ಅಂದರೆ ಅದು ಲೆಕ್ಕಕ್ಕಿಲ್ಲ, ಮತ್ತೆ ಸರ್ವಿಸ್ ಅಂತ ಸಾರ್ ನಿಯಮ ಮಾಡಿದರು. ಹಾಗಾಗಿ ನಾವು ಯಾರೂ ಎತ್ತರಕ್ಕೆ ಲಾಬ್ ಹೊಡೆದು ಸಮಯ ಕಳೆಯುವ ಆಟ ಕಲಿಯಲೇ ಇಲ್ಲ. ಹೊಡೆದದ್ದೆಲ್ಲ ನೆಟ್ ಮೇಲೆ ಅಂಗೈ ಅಗಲ ಬಿಟ್ಟು ನೇರಕ್ಕೆ, ಜೋರಾಗಿ. ಡಬಲ್ಸ್‌ಗೆ ಬೇಕಾದದ್ದೂ ಅದೇ. ಆ ತೊಲೆಗಳು ನಮಗೆ ಅರ್ಧ ಕೋಚಿಂಗ್ ಕೊಟ್ಟವು ಅಂತ ನಾನು ಈಗಲೂ ನಂಬಿದ್ದೇನೆ.

ಗೆರೆಯ ಗಲಾಟೆಯನ್ನು ಇಲ್ಲಿ ಬರೆಯದಿದ್ದರೆ ನನ್ನ ಬ್ಯಾಚಿನವರು ನನ್ನನ್ನು ಬಿಡುವುದಿಲ್ಲ. ಸಾರ್ ಪ್ರತಿ ಸಂಜೆ ಸೀಮೆಸುಣ್ಣದಲ್ಲಿ ಗೆರೆ ಹಾಕುತ್ತಿದ್ದರು. ಬೆಳಗಿನ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಎಲ್ಲರ ಕಾಲಿಗೆ ಸಿಕ್ಕಿ ಅಳಿಸಿಹೋಗುತ್ತಿತ್ತು. ನಾವು ನಾಲ್ಕು ಜನ ಹುಡುಗಿಯರು ಒಂಬತ್ತನೇ ಕ್ಲಾಸಿನಲ್ಲಿ ಇದಕ್ಕೊಂದು ಗತಿ ಕಾಣಿಸಬೇಕು ಅಂತ ತೀರ್ಮಾನ ಮಾಡಿದೆವು. ಶಾಲೆಗೆ ಸುಣ್ಣ ಹೊಡೆಯುತ್ತಿದ್ದ ಕಾಲ. ಅಂಟು ಹಾಕಿ ಕಲಸಿಟ್ಟ ಸುಣ್ಣದ ಬಕೆಟ್ ಜಗಲಿಯಲ್ಲೇ ಇತ್ತು. ಶನಿವಾರ ಅರ್ಧ ದಿನ ಶಾಲೆ ಬಿಟ್ಟ ಮೇಲೆ ಹಾಲ್‌ನಲ್ಲಿ ಅಡಗಿ ಕೂತು, ಕೆಂಪು ಗಾರೆಯ ನೆಲದ ಮೇಲೆ ದಾರ ಎಳೆದು, ಕತ್ತಲಾಗುವವರೆಗೆ ಗೆರೆ ಬಳಿದೆವು. ಮೈಯೆಲ್ಲ ಸುಣ್ಣ.

ಸೋಮವಾರ ಪ್ರಾರ್ಥನೆಗೆ ನಿಂತಾಗ ಹೆಡ್ ಮೇಷ್ಟ್ರ ಕಣ್ಣು ನೆಲಕ್ಕೆ ಹೋಯಿತು. ನಾಡಗೀತೆ ಮುಗಿಯುವವರೆಗೆ ಅವರು ಕಾದದ್ದೇ ದೊಡ್ಡದು. ಬೆತ್ತ ಬಂತು. ನಾವು ನಾಲ್ವರೂ ಮುಂದೆ ಬಂದು ನಿಂತೆವು. ಸಾರ್ ಮಾತ್ರ ನಮ್ಮ ಕಡೆ ನೋಡಲೇ ಇಲ್ಲ. ಗೋಡೆ ಬದಿಯಿಂದ ಹೆಜ್ಜೆಗೆ ಹೆಜ್ಜೆ ಜೋಡಿಸಿ ಅಂಗಳದ ಅಗಲ ಅಳೆಯುತ್ತಾ ಬಂದರು. ಈ ಕಡೆ ಬಂದು ನಿಂತು, ತುಂಬ ನೊಂದವರ ಹಾಗೆ, “ಸಾರ್, ಇವರು 17 ಅಡಿಗೆ ಗೆರೆ ಹಾಕಿದ್ದಾರೆ. ಇದು ಸಿಂಗಲ್ಸ್ ಅಂಗಳ. ಹೊಡೆಯಲೇಬೇಕು ಇವರಿಗೆ” ಅಂದರು. ಹೆಡ್ ಮೇಷ್ಟ್ರಿಗೂ ನಗು ತಡೆಯಲಿಲ್ಲ. ಆ ದಿನವಿಡೀ ತೆಂಗಿನ ನಾರು ಹಾಕಿ ನೆಲ ಉಜ್ಜಿದೆವು. ಮರುವಾರ ಸಾರ್ ಬಡಗಿಯ ಟೇಪ್ ತಂದರು. ಉದ್ದ 44 ಅಡಿ, ಅಗಲ 20. ನೆಟ್‌ನಿಂದ ಆರೂವರೆ ಅಡಿಗೆ ಸರ್ವಿಸ್ ಗೆರೆ. ಹಿಂದಿನ ಗೆರೆಯಿಂದ ಎರಡೂವರೆ ಅಡಿ ಒಳಗೆ ಡಬಲ್ಸ್ ಸರ್ವಿಸ್‌ನ ಕೊನೆಯ ಗೆರೆ. ಈ ಸಲ ಆಯಿಲ್ ಪೇಂಟ್, ಹೆಡ್ ಮೇಷ್ಟ್ರ ಒಪ್ಪಿಗೆಯ ಮೇಲೆ. ಆ ವರ್ಷ ಸಮಾಜದಲ್ಲಿ, ವಿಜ್ಞಾನದಲ್ಲಿ ಏನು ಪಾಠ ಆಯಿತೋ, ಒಂದೂ ನೆನಪಿಲ್ಲ. ಈ ಅಳತೆಗಳನ್ನು ಮಾತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ಡಬಲ್ಸ್ ಕಲಿಸಲು ಸಾರ್ ಹತ್ತಿರ ಒಂದು ಹಗ್ಗ ಇತ್ತು. ಅಡಿಕೆ ಕೊನೆ ಇಳಿಸುವ ಹಗ್ಗ, ಯಾರದೋ ತೋಟದಿಂದ ಕೇಳಿ ತಂದದ್ದು. ಅದನ್ನು ಎರಡು ಮಾರು ಅಳತೆಗೆ ಕತ್ತರಿಸಿ ಒಂದು ತುದಿ ನನ್ನ ಸೊಂಟಕ್ಕೆ, ಇನ್ನೊಂದು ತುದಿ ನನ್ನ ಜೊತೆಗಾತಿಯ ಸೊಂಟಕ್ಕೆ ಕಟ್ಟುತ್ತಿದ್ದರು. ಆಮೇಲೆ ಆಟ. ಹಗ್ಗ ಬಿಗಿಯಾಗಬಾರದು, ನೆಲಕ್ಕೂ ತಾಗಬಾರದು. ಅಷ್ಟೇ ನಿಯಮ. ನಾನು ಹೊಡೆಯಲು ಹಿಂದೆ ಹೋದರೆ ಅವಳು ನೆಟ್ ಹತ್ತಿರ. ಎದುರಿನವರು ಹೊಡೆಯಲು ನಿಂತರೆ ಇಬ್ಬರೂ ಅಕ್ಕಪಕ್ಕ. ಮೊದಮೊದಲು ಸೊಂಟದ ಚರ್ಮ ಕೆಂಪಾಗುವಷ್ಟು ಎಳೆದಾಡಿದೆವು. ಒಂದು ಸಂಜೆ ಗೇಮ್ ಮುಗಿದ ಮೇಲೆ ಸಾರ್ ಬಂದು ಹಗ್ಗ ಬಿಚ್ಚಿದಾಗಲೇ ಅದು ಕಟ್ಟಿದ್ದು ನಮಗೆ ನೆನಪಾಯಿತು. ಆ ಮೇಲೆ ಅವರು ನಮಗೆ ಹಗ್ಗ ಕಟ್ಟಲಿಲ್ಲ.

ನನ್ನ ಜೊತೆಗಾತಿ ಎಡಗೈಯವಳು. ಮನೆಯಲ್ಲಿ ಎಡಗೈಯಲ್ಲಿ ಬಡಿಸಿದಳು, ಎಡಗೈಯಲ್ಲಿ ಕೊಟ್ಟಳು ಅಂತ ದಿನಾ ಬೈಗುಳ ತಿನ್ನುತ್ತಿದ್ದವಳು. ಸಾರ್‌ಗೆ ಅವಳು ಸಿಕ್ಕಿದ್ದು ನಿಧಿ ಸಿಕ್ಕಿದಷ್ಟು ಖುಷಿ. ಎಡಗೈ ಬಲಗೈ ಜೋಡಿಯಾದರೆ ಯಾರ ಬ್ಯಾಕ್‌ಹ್ಯಾಂಡ್ ಯಾವ ಬದಿಗಿದೆ ಅಂತ ಎದುರಿನವರ ಲೆಕ್ಕ ತಪ್ಪುತ್ತದೆ. ಆಗಿನ ನಿಯಮ ಈಗಿನ ಹಾಗಲ್ಲ. ಡಬಲ್ಸ್ 15 ಪಾಯಿಂಟಿಗೆ. ಸರ್ವಿಸ್ ಮಾಡುವವರಿಗೆ ಮಾತ್ರ ಪಾಯಿಂಟ್. ಒಬ್ಬಳು ಸರ್ವಿಸ್ ಕಳಕೊಂಡರೆ ಇನ್ನೊಬ್ಬಳಿಗೆ ಅವಕಾಶ, ಅವಳೂ ಕಳಕೊಂಡ ಮೇಲೆ ಎದುರಿನವರಿಗೆ. ನನ್ನ ತಪ್ಪನ್ನು ತಿದ್ದಲು ಅವಳಿಗೊಂದು ಸರದಿ ನಿಯಮದಲ್ಲೇ ಇತ್ತು, ನೋಡಿ. 2006ರಲ್ಲಿ 21 ಪಾಯಿಂಟಿನ ಆಟ ಬಂದ ಮೇಲೆ ಆ ಎರಡನೇ ಸರ್ವಿಸ್ ಹೋಯಿತು. ಸಾರ್ ಅದಕ್ಕೆ ತುಂಬ ದಿನ ಬೇಜಾರು ಮಾಡಿಕೊಂಡಿದ್ದರು.

ಶಟಲ್ ಉಳಿಸುವುದರಲ್ಲಿ ಅವರಷ್ಟು ಜಿಪುಣರನ್ನು ನಾನು ಕಂಡಿಲ್ಲ. ಒಂದು ಶಟಲ್‌ಗೆ 16 ಗರಿ. ಒಣಗಿದರೆ ಗರಿ ಪಟಪಟ ಮುರಿಯುತ್ತದೆ. ಬೇಸಿಗೆಯಲ್ಲಿ ಶಟಲ್ ಡಬ್ಬಿಯನ್ನು ಹಾಸ್ಟೆಲ್ಲಿನ ಅನ್ನದ ಹಂಡೆಯ ಹಬೆಗೆ ಒಂದು ಗಳಿಗೆ ಹಿಡಿದು, ಮುಚ್ಚಳ ಹಾಕಿ ಇಡುತ್ತಿದ್ದರು. ಮಳೆಗಾಲದಲ್ಲಿ ಆ ಕೆಲಸ ಇರಲಿಲ್ಲ. ನಮ್ಮೂರ ಗಾಳಿಯೇ ಸಾಕು.

ಹತ್ತನೇ ಕ್ಲಾಸಿನಲ್ಲಿ ನಾವಿಬ್ಬರೂ ಶಿವಮೊಗ್ಗಕ್ಕೆ ಹೋಗಿ ಜಿಲ್ಲಾ ಮಟ್ಟದ ಡಬಲ್ಸ್ ಗೆದ್ದೆವು. ಪೇಟೆಯ ದೊಡ್ಡ ಶಾಲೆಯ ಹುಡುಗಿಯರು, ಒಳ್ಳೆಯ ರ‍್ಯಾಕೆಟ್, ಹೊಸ ಶೂ. ನಮ್ಮದು ಕ್ಯಾನ್ವಾಸ್. ಎತ್ತರದ ಮಾಡಿನ ಕೆಳಗೆ ಅವರು ಲಾಬ್ ಹೊಡೆದರೆ ನಾನು ಹಿಂದಿನಿಂದ ಸ್ಮ್ಯಾಶ್, ವಾಪಸ್ ಬಂದದ್ದನ್ನು ಅವಳು ನೆಟ್‌ನಲ್ಲಿ ಮುಗಿಸುವುದು. ನನ್ನ ಸ್ಮ್ಯಾಶ್‌ನ ಸದ್ದು ಹೊರಗಿನ ಗೇಟಿನವರೆಗೆ ಕೇಳುತ್ತಿತ್ತು ಅಂತ ಆ ದಿನ ಬಂದಿದ್ದವರು ಈಗಲೂ ಹೇಳುತ್ತಾರೆ. ನಮ್ಮ ಶಾಲೆಗೆ ಬ್ಯಾಡ್ಮಿಂಟನ್‌ನಲ್ಲಿ ಬಂದ ಮೊದಲ ಜಿಲ್ಲಾ ಕಪ್ ಅದು. ಹೆಡ್ ಮೇಷ್ಟ್ರ ಕೋಣೆಯ ಕಪಾಟಿನಲ್ಲಿದೆ, ನೋಡಬಹುದು.

ಇನ್ನು ಅಶ್ವಿನಿ. ಕೊಡವ ಮನೆತನದ, ಬೆಂಗಳೂರಿನಲ್ಲಿ 1989ರಲ್ಲಿ ಹುಟ್ಟಿದ ಹುಡುಗಿ. ತಂದೆ ಹಾಕಿ ಆಡಿದವರು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಕೊನೆಯ ದಿನ ಸಾರ್ ನನಗೆ ಫೋನ್ ಮಾಡಿದರು. ಜ್ವಾಲಾ ಗುಟ್ಟಾ ಮತ್ತು ಅಶ್ವಿನಿ ಸಿಂಗಪುರದ ಜೋಡಿಯನ್ನು ಸೋಲಿಸಿ ಚಿನ್ನ ಗೆದ್ದಿದ್ದರು. “ಆ ಜ್ವಾಲಾ ಎಡಗೈ ಕಣೇ! ಹಿಂದಿನಿಂದ ಹೊಡೆಯೂದು ಅಶ್ವಿನಿ. ನೀವಿಬ್ಬರೇ ಅಲ್ವಾ ಇದು?” ಅಂತ ಕೂಗಿದರು. ಆ ದಿನ ಸೈನಾ ನೆಹ್ವಾಲ್ ಗೆದ್ದದ್ದು ಭಾರತದ 38ನೇ ಚಿನ್ನ, ಅದರಿಂದ ನಾವು ಇಂಗ್ಲೆಂಡನ್ನು ದಾಟಿ ಎರಡನೇ ಸ್ಥಾನಕ್ಕೆ ಬಂದೆವು. ಅದು ಎಲ್ಲರಿಗೂ ನೆನಪಿದೆ. ಅದಕ್ಕೆ ಸ್ವಲ್ಪ ಮೊದಲು ಡಬಲ್ಸ್‌ನಲ್ಲಿ 37ನೆಯದು ಬರದಿದ್ದರೆ ಇಂಗ್ಲೆಂಡನ್ನು ದಾಟಲು ಆಗುತ್ತಿರಲಿಲ್ಲ. ಅದನ್ನು ಹೇಳುವವರು ಕಡಿಮೆ. ಸಾರ್ ಹೇಳುತ್ತಿದ್ದರು, ಸಿಕ್ಕಿದವರಿಗೆಲ್ಲ.

ಮರುವರ್ಷ ಲಂಡನ್ನಿನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಇದೇ ಜೋಡಿಗೆ ಕಂಚು. 1983ರಲ್ಲಿ ಪಡುಕೋಣೆಯವರಿಗೆ ಬಂದ ಕಂಚಿನ ನಂತರ ಭಾರತಕ್ಕೆ ಅಲ್ಲಿ ಸಿಕ್ಕ ಮೊದಲ ಪದಕ ಅದು. 2012ರ ಒಲಿಂಪಿಕ್ಸ್‌ನಲ್ಲಿ ಮಾತ್ರ ಹೊಟ್ಟೆ ಉರಿದುಹೋಯಿತು. ಮೊದಲ ಪಂದ್ಯ ಜಪಾನಿನ ಜೋಡಿಗೆ ಸೋತರು. ಆಮೇಲೆ ಚೈನೀಸ್ ತೈಪೆಯನ್ನು, ಸಿಂಗಪುರವನ್ನು ಗೆದ್ದರು. ಗುಂಪಿನಲ್ಲಿ ಮೂರು ಜೋಡಿಗೆ ಎರಡೆರಡು ಗೆಲುವು. ಪಾಯಿಂಟ್ ಕೂಡಿ ಕಳೆದು ನೋಡಿದಾಗ ನಮ್ಮವರು ಒಂದೇ ಒಂದು ಪಾಯಿಂಟಿನಿಂದ ಕ್ವಾರ್ಟರ್ ಫೈನಲ್ ತಪ್ಪಿಸಿಕೊಂಡಿದ್ದರು. ಸೋಲುವ ಗೇಮ್‌ನಲ್ಲೂ ಪಾಯಿಂಟ್ ಬಿಡಬೇಡಿ ಅಂತ ಸಾರ್ ನಮ್ಮನ್ನು ಗೋಳು ಹುಯ್ದುಕೊಳ್ಳುತ್ತಿದ್ದದ್ದು ಯಾಕೆ ಅಂತ ನನಗೆ ಆ ದಿನ ಪೂರ್ತಿ ಅರ್ಥವಾಯಿತು.

2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ. ಆ ವರ್ಷವೂ 2016ರಲ್ಲೂ ಮಹಿಳಾ ತಂಡಗಳ ಉಬರ್ ಕಪ್‌ನಲ್ಲಿ ಭಾರತ ತಂಡಕ್ಕೆ ಕಂಚು. ರಿಯೊ ಒಲಿಂಪಿಕ್ಸ್. ಅಲ್ಲಿಗೆ ಜ್ವಾಲಾ ಜೊತೆಗಿನ ಜೋಡಿ ಮುಗಿಯಿತು. ಡಬಲ್ಸ್ ಆಟಗಾರ್ತಿಗೆ ಇದು ಸಣ್ಣ ವಿಷಯ ಅಲ್ಲ. ಕಾಲು, ಕೈ, ಕಣ್ಣು ಎಲ್ಲ ಇನ್ನೊಬ್ಬಳ ಅಳತೆಗೆ ಹೊಂದಿಕೊಂಡಿರುತ್ತವೆ. ಅಶ್ವಿನಿ ಸಿಕ್ಕಿ ರೆಡ್ಡಿ ಜೊತೆ ಮತ್ತೆ ಮೊದಲಿನಿಂದ ಶುರು ಮಾಡಿದರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಇಬ್ಬರಿಗೂ ಕಂಚು ಬಂತು. ಅದೇ ಕೂಟದಲ್ಲಿ ಮಿಶ್ರ ತಂಡದ ಫೈನಲ್, ಮಲೇಷ್ಯಾ ವಿರುದ್ಧ. ಮೊದಲ ಪಂದ್ಯಕ್ಕೆ ಅಂಗಳಕ್ಕೆ ಇಳಿದದ್ದು ಅಶ್ವಿನಿ, ಜೊತೆಗೆ ಇನ್ನೂ 17 ವರ್ಷದ ಹುಡುಗ ಸಾತ್ವಿಕ್. ಎದುರಿಗೆ ರಿಯೊದಲ್ಲಿ ಬೆಳ್ಳಿ ಗೆದ್ದ ಜೋಡಿ. ಇವರು ಗೆದ್ದು ದಾರಿ ಮಾಡಿಕೊಟ್ಟರು, ಭಾರತ 3–1ರಿಂದ ಚಿನ್ನ ತಂದಿತು. ಆ ಹುಡುಗನೇ ಮುಂದೆ ಚಿರಾಗ್ ಶೆಟ್ಟಿ ಜೊತೆ ಏಷ್ಯನ್ ಗೇಮ್ಸ್ ಚಿನ್ನ ಗೆದ್ದದ್ದು. ಹಗ್ಗದ ಆ ತುದಿಯಲ್ಲಿ ಜನ ಬದಲಾಗುತ್ತಾ ಹೋದರು, ಈ ತುದಿಯಲ್ಲಿ ಅಶ್ವಿನಿ ಮಾತ್ರ ಇದ್ದಲ್ಲೇ ಇದ್ದರು. ಅದು ಬಿಗಿಯಾಗದ ಹಾಗೆ, ನೆಲಕ್ಕೆ ತಾಗದ ಹಾಗೆ ನೋಡಿಕೊಂಡರು.

ನಿವೃತ್ತಿಯಾದ ಮೇಲೂ ಸಾರ್ ಘಟ್ಟ ಇಳಿಯಲಿಲ್ಲ. ಶಾಲೆಯ ಹತ್ತಿರವೇ ಮನೆ ಮಾಡಿಕೊಂಡಿದ್ದರು. 2024ರ ಜುಲೈ ಕೊನೆಗೆ ನಾನು ಅಲ್ಲಿಗೆ ಹೋಗಿದ್ದೆ. ಊರೆಲ್ಲ ಮಳೆ, ಕರೆಂಟ್ ಇಲ್ಲ. ನನ್ನ ಫೋನಿನಲ್ಲಿ ಪ್ಯಾರಿಸ್ ಪಂದ್ಯ ನೋಡಿದೆವು. ಅಶ್ವಿನಿಯ ಜೊತೆ ಆಗ ತನಿಷಾ ಕ್ರಾಸ್ಟೊ, ಅವರಿಗಿಂತ ಸುಮಾರು 14 ವರ್ಷ ಚಿಕ್ಕವಳು. 2023ರ ಡಿಸೆಂಬರಿನಲ್ಲಿ ಈ ಜೋಡಿ ಗುವಾಹಟಿ ಮಾಸ್ಟರ್ಸ್ ಗೆದ್ದಿತ್ತು. ಪ್ಯಾರಿಸ್‌ನಲ್ಲಿ ಮಾತ್ರ ಗುಂಪಿನ ಮೂರೂ ಪಂದ್ಯ ಸೋತರು. ಇದೇ ನನ್ನ ಕೊನೆಯ ಒಲಿಂಪಿಕ್ಸ್ ಅಂತ ಅಶ್ವಿನಿ ಕಣ್ಣೀರು ಹಾಕಿದ ಸುದ್ದಿ ಬಂದಾಗ ಸಾರ್ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಅಮ್ಮನವರನ್ನು ಕರೆದು ಒಂದು ಪುಸ್ತಕ ತರಿಸಿದರು. ಶಾಲೆಯ ಹಳೆಯ ಹಾಜರಿ ಪುಸ್ತಕ, ಖಾಲಿ ಉಳಿದದ್ದು. ಅದರ ಹಾಳೆಗಳಲ್ಲಿ 2010ರಿಂದ ಕತ್ತರಿಸಿದ ಪೇಪರ್ ತುಂಡುಗಳು, ಅನ್ನದ ಅಗುಳಿನಲ್ಲಿ ಅಂಟಿಸಿದ್ದು. ಎಡಗಡೆ ವಿದ್ಯಾರ್ಥಿಗಳ ಹೆಸರು ಬರೆಯುವ ಜಾಗದಲ್ಲಿ ಅಶ್ವಿನಿಯ ಜೊತೆಗಾರರ ಹೆಸರು, ಒಬ್ಬೊಬ್ಬರದು ಒಂದೊಂದು ಸಾಲು. ಮೊದಲ ಪುಟದಲ್ಲಿ, ಅದೇ ಮುದ್ದಾದ ಅಕ್ಷರದಲ್ಲಿ, ನಮ್ಮಿಬ್ಬರ ಹೆಸರು. ಜಿಲ್ಲಾ ಫೈನಲ್‌ನ ಸ್ಕೋರ್ ಸಮೇತ.

ಇಂಥ ಮೇಷ್ಟ್ರು ಈಗಲೂ ಇರಬಹುದು. ಅವರಿಗೆ ಪೀರಿಯಡ್ ಎಲ್ಲಿದೆ? ದಸರಾ ಮುಗಿದ ಮೇಲೆ ಪಿ.ಟಿ. ಪೀರಿಯಡ್ ಗಣಿತದ ಸ್ಪೆಷಲ್ ಕ್ಲಾಸಿಗೆ ಹೋಗುತ್ತದೆ ಅಂತ ಕೇಳಿದೆ. ನಮ್ಮ ಹಾಲ್‌ಗೆ ನಡುವೆ ಪ್ಲೈವುಡ್ ಗೋಡೆ ಬಂದಿದೆ, ಬೆಂಚುಗಳ ಅಡಿಯಲ್ಲಿ ಆಯಿಲ್ ಪೇಂಟಿನ ಗೆರೆ ಇನ್ನೂ ಇದೆ. ಮಾರ್ಕ್ಸ್ ಬೇಡ ಅಂತ ನಾನು ಹೇಳುವುದಿಲ್ಲ. ದಿನಾ ಸಂಜೆ ಆಡಿಯೇ ನಾನು ಫಸ್ಟ್ ಕ್ಲಾಸಿನಲ್ಲಿ ಪಾಸಾದವಳು, ಬ್ಯಾಂಕಿನಲ್ಲಿ ಮ್ಯಾನೇಜರ್ ಆದವಳು. ಮಗಳನ್ನು ಶಿವಮೊಗ್ಗದಲ್ಲಿ ಕೋಚಿಂಗ್‌ಗೆ ಬಿಡುವಾಗ ನೋಡುತ್ತೇನೆ. ಹೆಚ್ಚಿನ ಅಪ್ಪ ಅಮ್ಮಂದಿರಿಗೆ ಮಕ್ಕಳು ಸಿಂಗಲ್ಸ್ ಆಡಬೇಕು. ಕಪ್ ಹಂಚಿಕೊಳ್ಳಬೇಕಲ್ಲ ಅನ್ನುವ ಚಿಂತೆ. ಎಂಟು ವರ್ಷದ ಮಗುವಿಗೆ ಪಕ್ಕದವಳನ್ನು ನೋಡುವುದನ್ನು ಕಲಿಸದೆ ಗೆಲ್ಲುವುದನ್ನು ಕಲಿಸಿದರೆ ಹೇಗೆ ಅಂತ ನನಗೆ ನಿಜವಾಗಿ ಸಂಕಟವಾಗುತ್ತದೆ.

ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಈ ಡಿಸೆಂಬರಿನಲ್ಲಿ ಸಾರ್ ಹೆಸರಿನಲ್ಲಿ ಒಂದು ಟೂರ್ನಮೆಂಟ್ ಇಟ್ಟಿದ್ದೇವೆ. ಹುಡುಗಿಯರಿಗೆ, ಡಬಲ್ಸ್ ಮಾತ್ರ. ಪ್ಲೈವುಡ್ ಗೋಡೆಯನ್ನು ಆ ಎರಡು ದಿನ ತೆಗೆಸಿಕೊಡಲು ಆಡಳಿತ ಮಂಡಳಿಯವರು ಒಪ್ಪಿದ್ದಾರೆ, ಅವರಿಗೆ ಕೃತಜ್ಞತೆಗಳು. ತೊಲೆಗೆ ತಾಗಿದರೆ ಲೆಟ್. ಹಾಸನದಿಂದ ನನ್ನ ಜೊತೆಗಾತಿ ಬರುತ್ತಾಳೆ, ಮೊದಲ ಪಂದ್ಯ ನಾವಿಬ್ಬರೂ ಆಡಿ ತೋರಿಸುತ್ತೇವೆ. ಮಲೆನಾಡಿನ ಯಾವ ಶಾಲೆಯ ಮಕ್ಕಳೂ ಬರಬಹುದು. ಜೋಡಿ ಸಿಗಲಿಲ್ಲ ಅಂತ ಯಾರೂ ಮನೆಯಲ್ಲಿ ಉಳಿಯಬೇಡಿ. ಒಬ್ಬರೇ ಬನ್ನಿ, ಇನ್ನೊಬ್ಬರನ್ನು ನಾವು ಹುಡುಕಿ ಕೊಡುತ್ತೇವೆ.