ಕಪ್ಪು ಹಾಳೆಯ ಮೇಲೆ ಬೆಳ್ಳಿ ಎಸಳು

ಬೀದರ್‌ನ ನಮ್ಮ ಶಾಲೆಯಲ್ಲಿ ಭಿನ್ನರಾಶಿ ಪಾಠ ಬಂತು ಅಂದ್ರೆ ಕತ್ತರಿ, ಗೋಂದು, ಹಳೆ ಕ್ಯಾಲೆಂಡರ್ ಹಾಳೆ ಹೊರಗೆ ಬರುತ್ತಿದ್ದವು. ನಮ್ಮ ಗಣಿತ ಟೀಚರ್ ಎಲ್ಲರಿಗೂ ಒಂದೇ ಉದ್ದದ ಪಟ್ಟಿ ಕೊಡೋರು. ಒಮ್ಮೆ ಮಡಿಸಿದರೆ ಅರ್ಧ, ಮತ್ತೆ ಮಡಿಸಿದರೆ ಕಾಲು, ಇನ್ನೊಮ್ಮೆ ಮಡಿಸಿದರೆ ಎಂಟನೇ ಒಂದು ಭಾಗ. ಕಿರಾಣಿ ಅಂಗಡಿಯಿಂದ ಪಾವ್ ಕಿಲೋ (ಕಾಲು ಕಿಲೋ) ಸಕ್ಕರೆ, ಅದ್‌ಪಾವ್ (ಅದರ ಅರ್ಧ) ಚಹಾಪುಡಿ ತರುತ್ತಿದ್ದ ಮಕ್ಕಳು ನಾವು. ಆದ್ರೂ ಬೋರ್ಡ್ ಮೇಲೆ 1/4, 1/8 ಅಂತ ಬರೆದ ಕೂಡಲೇ ಹಿಂದಿನ ಬೆಂಚಿನಿಂದ ‘ನಾಲ್ಕಕ್ಕಿಂತ ಎಂಟು ಜಾಸ್ತಿ ಅಲ್ವಾ, ಹಂಗಾದ್ರೆ 1/8 ದೊಡ್ಡದು’ ಅನ್ನೋ ಮಾತು ಬಂದೇ ಬರುತ್ತಿತ್ತು. ಟೀಚರ್ ವಾದಕ್ಕೆ ಹೋಗುತ್ತಿರಲಿಲ್ಲ. ‘ಎರಡೂ ಕತ್ತರಿಸಿ ಪಕ್ಕಪಕ್ಕ ಇಡಪ್ಪಾ’ ಅನ್ನೋರು. ಅಷ್ಟೇ.

ನನಗೆ ತುಂಬಾ ಇಷ್ಟವಾಗಿದ್ದು ಬಿದರಿ ಹೂವು, ಅಂದ್ರೆ ನಮ್ಮೂರಿನ ಬಿದರಿ ಲೋಹದ ಕೆಲಸದ ಥರ ಕಾಗದದಲ್ಲಿ ಮಾಡೋ ಹೂವು. ಕಪ್ಪು ಹಾಳೆಯ ಮೇಲೆ ಸ್ಟೀಲ್ ತಟ್ಟೆ ಇಟ್ಟು ಗೆರೆ ಎಳೆದು, ಕತ್ತರಿಸಿದ ವೃತ್ತವನ್ನು ಮೂರು ಸಲ ಅರ್ಧಕ್ಕೆ ಮಡಿಸಿ ಬಿಚ್ಚಿದರೆ ಎಂಟು ಭಾಗ. ಚಾಕಲೇಟಿನ ಬೆಳ್ಳಿ ಕಾಗದದಲ್ಲಿ ಒಂದೇ ಅಳತೆಯ ಎಸಳು ಕತ್ತರಿಸಿ, ಒಬ್ಬರು 3/8, ಇನ್ನೊಬ್ಬರು 5/8 ತುಂಬಬೇಕು. ಅಂಟಿಸುವಾಗ ಟೀಚರ್ ನಿಜವಾದ ಬಿದರಿ ಕೆಲಸದ ಬಗ್ಗೆ ಹೇಳೋರು: ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಎರಕ ಹೊಯ್ಯುತ್ತಾರೆ, ಕೊರೆದ ಜಾಗದಲ್ಲಿ ಬೆಳ್ಳಿ ಕೂರಿಸುತ್ತಾರೆ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಅನ್ನೋ ಲವಣ ಹಾಕಿದಾಗ ಲೋಹ ಕಪ್ಪಾಗುತ್ತೆ, ಬೆಳ್ಳಿ ಮಾತ್ರ ಹಾಗೇ ಹೊಳೀತಾ ಇರುತ್ತೆ. ಮಡಿಕೆ ಓರೆಯಾದವರ ಎಸಳು ಜಾಗದಲ್ಲಿ ಕೂರುತ್ತಲೇ ಇರಲಿಲ್ಲ, ಒಂದು ಕಡೆ ಗೆರೆ ದಾಟಿದರೆ ಇನ್ನೊಂದು ಕಡೆ ಖಾಲಿ ಉಳಿಯೋದು. ‘ಸಮಭಾಗ’ ಅಂತ ಪುಸ್ತಕ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತೆ, ಆದ್ರೆ ಇಡೀ ಭಿನ್ನರಾಶಿ ನಿಂತಿರೋದೇ ಅದರ ಮೇಲೆ.

4/8 ತುಂಬಿದ ಹೂವನ್ನು, ನಾಲ್ಕೇ ಭಾಗ ಮಾಡಿ 2/4 ತುಂಬಿದವರ ಹೂವಿನ ಪಕ್ಕ ಹಿಡಿದರೆ ಎರಡರಲ್ಲೂ ಅರ್ಧ ವೃತ್ತ ಬೆಳ್ಳಿ. ಸಮಾನ ಭಿನ್ನರಾಶಿಗೆ ಇನ್ನೇನು ವಿವರಣೆ ಬೇಕು?

ಮೂರು ಭಾಗ ಮಾಡೋದು ಮಾತ್ರ ಕಷ್ಟ. ಪಟ್ಟಿಯನ್ನು ಸುಮ್ನೆ ಸಡಿಲವಾಗಿ ಸುತ್ತಿ, ತುದಿಗಳನ್ನು ಸರಿಸಿ ಸರಿಸಿ ಹೊಂದಿಸಿ ಆಮೇಲೆ ಒತ್ತಬೇಕು. ಅದನ್ನೇ ಮತ್ತೆ ಅರ್ಧ ಮಡಿಸಿದರೆ ಆರು ಭಾಗ. 1/2ರ ಪಟ್ಟಿ ಅದರಲ್ಲಿ ಮೂರು ಮನೆ ಮುಚ್ಚುತ್ತೆ, 1/3 ಎರಡು ಮನೆ. ಕೂಡಿದರೆ 5/6. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಇಲ್ಲಿ 2 ಮತ್ತು 3ಕ್ಕೆ 6) ಅನ್ನೋ ಹೆಸರು ನಾವು ಕೇಳಿದ್ದು ಇದಾದ ಮೇಲೆ.

ಈಗ ನನ್ನ ಮಗಳು 3/4 ÷ 1/8 ಲೆಕ್ಕದಲ್ಲಿ ‘ತಿರುಗಿಸಿ ಗುಣಿಸು’ ಅಂತ ಬಾಯಿಪಾಠ ಮಾಡ್ತಾಳೆ. ಯಾಕೆ ತಿರುಗಿಸಬೇಕು ಅಂತ ಕೇಳಿದರೆ ಅವಳ ಹತ್ತಿರ ಉತ್ತರ ಇಲ್ಲ. ಒಂದು ಪಟ್ಟಿ ಮಡಿಸಿ ಕೊಟ್ಟು, ಮುಕ್ಕಾಲು ಭಾಗದಲ್ಲಿ ಎಂಟನೇ ಒಂದರ ತುಂಡು ಎಷ್ಟು ಕೂರುತ್ತೆ ನೋಡು ಅಂದೆ. ಬೆರಳಿಟ್ಟು ಎಣಿಸಿ ‘ಆರು’ ಅಂದಳು. ಹಂಗಾದ್ರೆ ಮುಕ್ಕಾಲಲ್ಲಿ 1/16 ಎಷ್ಟು ಅಂತ ಅವಳೇ ಕೇಳಿಕೊಂಡು, ಪಟ್ಟಿಯನ್ನು ಇನ್ನೊಮ್ಮೆ ಮಡಿಸತೊಡಗಿದಳು.