ಕೊಡಗಿಗೆ ಹೋಗ್ತಿದ್ದೀರಾ? ರೂಮ್ ನೋಡೋ ಮೊದಲು ಬಚ್ಚಲುಮನೆ ನೋಡಿ

ರಜೆಗೆ ಕೊಡಗಿಗೆ ಹೊರಟವರು, ಅದರಲ್ಲೂ ವಯಸ್ಸಾದವರನ್ನೂ ಮಕ್ಕಳನ್ನೂ ಕರೆದುಕೊಂಡು ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ಯಾವ ಜಲಪಾತ, ಯಾವ ಬೆಟ್ಟ ಅನ್ನೋದು ನಿಮಗೆ ಆಗಲೇ ಗೊತ್ತಿರುತ್ತದೆ. ನಾನು ಬರೆಯುತ್ತಿರುವುದು ಗ್ಯಾಸ್ ಗೀಸರ್ ಬಗ್ಗೆ.

ಕಳೆದ ದೀಪಾವಳಿಗೆ ನಾವು ಎಂಟು ಜನ ತುಮಕೂರಿನಿಂದ ಹೋಗಿದ್ದೆವು. ಅಪ್ಪ, ಅಮ್ಮ, ನಾನು, ನಮ್ಮನೆಯವರು, ಹದಿನಾಲ್ಕು ವರ್ಷದ ಮಗ, ತಂಗಿ, ಅವಳ ಗಂಡ, ಅವಳ ಮಗಳು. ಅಪ್ಪನಿಗೆ ಉಬ್ಬಸ. ಪಟಾಕಿ ಹೊಗೆಗೆ ಹೆದರಿ ಪ್ರತಿವರ್ಷ ಹಬ್ಬದ ಮೂರು ದಿನ ಕಿಟಕಿ ಮುಚ್ಚಿಕೊಂಡು ಒಳಗೇ ಕೂರುತ್ತಾರೆ. ಈ ಸಲ ಹೊಗೆ ಇಲ್ಲದ ಕಡೆ ಹಬ್ಬ ಮಾಡೋಣ ಅಂತ ತಂಗಿ ಹೇಳಿದಳು. ಕೊಡಗಿನಲ್ಲಿ ದೊಡ್ಡ ಹಬ್ಬ ಅಂದ್ರೆ ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ, ಪುತ್ತರಿ. ದೀಪಾವಳಿಗೆ ತೋಟಗಳ ಕಡೆ ಪಟಾಕಿ ಸದ್ದು ಕಡಿಮೆ. ಅವಳ ಲೆಕ್ಕ ಸರಿಯಾಗಿಯೇ ಇತ್ತು. ಅಪ್ಪ ಮೊದಲ ಎರಡು ದಿನ ಒಮ್ಮೆಯೂ ಇನ್‌ಹೇಲರ್ ಮುಟ್ಟಲಿಲ್ಲ.

ಅರಕಲಗೂಡು, ಕೊಣನೂರು ಮೇಲೆ ಕುಶಾಲನಗರಕ್ಕೆ ಬಂದೆವು. ಆ ದಾರಿ ನೆಮ್ಮದಿ. ಕೊಡಗಿಗೆ ರೈಲಿಲ್ಲ, ಹಬ್ಬದ ಬಸ್ಸುಗಳಲ್ಲಿ ನಿಲ್ಲೋಕೂ ಜಾಗ ಇರೋದಿಲ್ಲ. ವಯಸ್ಸಾದವರಿದ್ದರೆ ಕಾರೇ ಸರಿ.

ಸುಂಟಿಕೊಪ್ಪ ಹತ್ತಿರ ರಸ್ತೆ ಪಕ್ಕದಲ್ಲಿ ತಗಡಿನ ಮಾಡಿನ ಒಂದು ಸಣ್ಣ ಹೋಟೆಲ್ ಸಿಕ್ಕಿತು. ಬೋರ್ಡ್ ಕೂಡ ಇಲ್ಲ, ನಾಲ್ಕೇ ಮೇಜು. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಅಲ್ಲಿ ತಿಂದ ಅಕ್ಕಿ ಒಟ್ಟಿಯನ್ನು ಅಮ್ಮ ಇವತ್ತಿಗೂ ನೆನೆಸಿಕೊಳ್ಳುತ್ತಾಳೆ. ನಮ್ಮ ಅಕ್ಕಿ ರೊಟ್ಟಿಯ ಹಾಗಲ್ಲ ಅದು. ಅನ್ನವನ್ನೂ ಅಕ್ಕಿ ಹಿಟ್ಟನ್ನೂ ಸೇರಿಸಿ ಚೆನ್ನಾಗಿ ನಾದುತ್ತಾರೆ. ಹಂಚಿನ ಮೇಲೆ ಬೇಯಿಸಿ, ಆಮೇಲೆ ಕೆಂಡದ ಮೇಲೆ ಇಡುತ್ತಾರೆ. ಪೂರಿ ಹಾಗೆ ಉಬ್ಬಿ ಬರುತ್ತದೆ, ಆದರೆ ಎಣ್ಣೆ ಒಂದು ತೊಟ್ಟೂ ಇಲ್ಲ. ಜೊತೆಗೆ ಎಳ್ಳು ಪಜ್ಜಿ (ಅಂದ್ರೆ ಎಳ್ಳಿನ ಚಟ್ನಿ), ಸಿಹಿಕುಂಬಳದ ಕರಿ. ಅಮ್ಮ ಒಲೆ ಪಕ್ಕಕ್ಕೇ ಹೋಗಿ ನಿಂತಳು. ಆ ಹೆಂಗಸು ಬೇಜಾರು ಮಾಡಿಕೊಳ್ಳದೆ ಒಂದು ಉಂಡೆ ಅಮ್ಮನ ಕೈಗೇ ಕೊಟ್ಟು "ತಟ್ಟಿ ನೋಡಿ ಅಮ್ಮ" ಅಂದರು. ಮಾಂಸ ತಿನ್ನುವವರಿಗೆ ನೂಪುಟ್ಟು (ಅಕ್ಕಿ ಶಾವಿಗೆ), ಕೋಳಿ ಕರಿ ಇತ್ತು. ಕೊನೆಗೆ ಬೆಲ್ಲದ ಕಾಫಿ. ಎಂಟು ಜನ ಹೊಟ್ಟೆ ತುಂಬಾ ತಿಂದಿದ್ದಕ್ಕೆ 560 ರೂಪಾಯಿ. ಮಡಿಕೇರಿ ಪೇಟೆಯಲ್ಲಿ ಮಾರನೇ ದಿನ ಇದರ ಮೂರು ಪಟ್ಟು ಕೊಟ್ಟು ತಣ್ಣಗಿನ ಪರೋಟ ತಿಂದೆವು. ದೊಡ್ಡ ಬೋರ್ಡ್ ನೋಡಿ ನಿಲ್ಲಿಸಬೇಡಿ, ಹೊಗೆ ಬರೋ ಒಲೆ ನೋಡಿ ನಿಲ್ಲಿಸಿ.

ಅಬ್ಬಿ ಜಲಪಾತಕ್ಕೆ ರಜೆ ದಿನ ಹೋಗಬೇಡಿ. ನನಗೆ ನೂಕುನುಗ್ಗಲು ಆಗೋದಿಲ್ಲ, ಅರ್ಧ ದಾರಿಯಿಂದ ವಾಪಸ್ ಬಂದೆ. ತಲಕಾವೇರಿಗೆ ತುಲಾ ಮಾಸ, ಅಂದ್ರೆ ಕಾವೇರಿ ಸಂಕ್ರಮಣದಿಂದ ಒಂದು ತಿಂಗಳು, ಪೂರ್ತಿ ಜನ ಬರುತ್ತಾರೆ, ದೀಪಾವಳಿ ಹೊತ್ತಿಗೂ ಸಾಲು ಇತ್ತು. ಹೋಗೋದಾದ್ರೆ ಬೆಳಕು ಹರಿಯುವ ಹೊತ್ತಿಗೆ ಹೋಗಿ.

ನಾವು ಉಳಿದಿದ್ದು ನಾಪೋಕ್ಲು ಕಡೆಯ ಕಾಫಿ ತೋಟದೊಳಗಿನ ಒಂದು ಹೋಮ್‌ಸ್ಟೇ. ಫೋಟೋ ಚೆನ್ನಾಗಿತ್ತು. ತಲೆಗೆ, ರಾತ್ರಿಗೆ 2,800 ರೂಪಾಯಿ. ಹಬ್ಬದ ರೇಟು ಅಂದರು. ಮಾಮೂಲಿ ದಿನ 1,600 ಅಂತ ಅಲ್ಲಿ ಕೆಲಸ ಮಾಡುವವರಿಂದ ಆಮೇಲೆ ಗೊತ್ತಾಯಿತು. ಎರಡು ರೂಮು, ಎರಡು ಬಚ್ಚಲುಮನೆ. "24 ಗಂಟೆ ಬಿಸಿನೀರು" ಅಂತ ಬಾಗಿಲ ಮೇಲೆ ಬರೆದಿತ್ತು. ಒಂದರಲ್ಲಿ ಕರೆಂಟ್ ಗೀಸರ್, ಇನ್ನೊಂದರಲ್ಲಿ ಗ್ಯಾಸ್ ಗೀಸರ್. ಎರಡನೆಯದರ ಸಿಲಿಂಡರ್ ಕೂಡ ಒಳಗೇ, ಕಮೋಡಿನ ಪಕ್ಕದಲ್ಲಿ. ನಾವೆಲ್ಲ ಅದನ್ನು ನೋಡಿದ್ದೆವು. ಯಾರೂ ಏನೂ ಅಂದುಕೊಳ್ಳಲಿಲ್ಲ.

ನರಕ ಚತುರ್ದಶಿ ಹಿಂದಿನ ರಾತ್ರಿ ಮಳೆ ಬಂತು, ಕರೆಂಟ್ ಹೋಯಿತು. ಬೆಳಿಗ್ಗೆ ನಾಲ್ಕೂವರೆಗೆ ಅಮ್ಮ ಎಲ್ಲರನ್ನೂ ಎಬ್ಬಿಸಿ ಸಾಲಾಗಿ ಕೂರಿಸಿದಳು. ಆರತಿ ಎತ್ತಿ, ನೆತ್ತಿಗೆ ಹರಳೆಣ್ಣೆ ಇಟ್ಟಳು. ಕರೆಂಟ್ ಇಲ್ಲ ಅಂದ ಮೇಲೆ ಎಂಟು ಜನಕ್ಕೂ ಗ್ಯಾಸ್ ಗೀಸರ್ ಇದ್ದ ಬಚ್ಚಲೇ ಗತಿ. ಅದು ಎರಡು ಬ್ಯಾಟರಿ ಸೆಲ್ ಮೇಲೆ ಹೊತ್ತಿಕೊಳ್ಳುತ್ತದೆ, ಕರೆಂಟ್ ಬೇಡ. ಆದರೆ ಹೊಗೆ ಎಳೆಯುವ ಫ್ಯಾನ್ ನಡೆಯೋದು ಕರೆಂಟಿನ ಮೇಲೆ. ಇದೇ ಎಲ್ಲದಕ್ಕೂ ಕಾರಣ. ಬಿಸಿನೀರು ಬರುತ್ತಲೇ ಇತ್ತು, ಫ್ಯಾನ್ ನಿಂತಿತ್ತು. ಮೇಲಿನ ವೆಂಟಿಲೇಟರ್ ಗಾಜಿನ ಪಟ್ಟಿಗಳಿಗೆ ಚಳಿಗಾಳಿ ಬರಬಾರದು ಅಂತ ಯಾರೋ ಹಳೇ ಕ್ಯಾಲೆಂಡರ್ ಹಾಳೆ ಅಂಟಿಸಿದ್ದರು.

ಮೊದಲು ಅಪ್ಪ ಸ್ನಾನ ಮಾಡಿ ಬಂದರು. "ತಲೆ ಯಾಕೋ ಭಾರ" ಅಂದರು. ಖಾಲಿ ಹೊಟ್ಟೆ ಅಲ್ವಾ ಅಂದುಕೊಂಡೆವು. ತಂಗಿ ಗಂಡ ಬಂದು ಸುಮ್ನೆ ಮಲಗಿಬಿಟ್ಟರು. ನಮ್ಮನೆಯವರು ಹಣೆ ಒತ್ತಿಕೊಳ್ಳುತ್ತಾ ಬಂದರು. ಮೂರು ಜನಕ್ಕೆ ಒಂದೇ ತರಹದ ತಲೆನೋವು. ಆಗಲೇ ಎಚ್ಚರ ಆಗಬೇಕಿತ್ತು.

ನಾಲ್ಕನೆಯವನು ನನ್ನ ಮಗ. ಎಣ್ಣೆ ತಲೆಯಲ್ಲೇ ಒಳಗೆ ಹೋಗಿ ಚಿಲಕ ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಅಮ್ಮ ನೋಡಿದಳು, ಸೀಗೆಪುಡಿ ಬಟ್ಟಲು ಹೊರಗೇ ಉಳಿದಿದೆ. ಕೊಡೋಕೆ ಅಂತ ಹೋಗಿ ಬಾಗಿಲು ತಟ್ಟಿದಳು. ಉತ್ತರ ಇಲ್ಲ. ಮತ್ತೆ ತಟ್ಟಿದಳು. ನೀರು ಬೀಳುವ ಸದ್ದು ಒಂದೇ ಸಮ ಕೇಳುತ್ತಿತ್ತು. ಮೈಮೇಲೆ ಹುಯ್ದುಕೊಳ್ಳುವ ಸದ್ದು ಅಲ್ಲ, ಬಕೆಟ್ ತುಂಬಿ ಚೆಲ್ಲುವ ಸದ್ದು. ಅಮ್ಮ ಕೂಗಿಕೊಂಡಳು.

ನಮ್ಮನೆಯವರು ಮೂರು ಸಲ ಒದ್ದ ಮೇಲೆ ಚಿಲಕ ಕಿತ್ತು ಬಂತು. ಮಗ ಗೋಡೆಗೆ ಒರಗಿಕೊಂಡು ಕುಸಿದಿದ್ದ. ಕಣ್ಣು ಅರ್ಧ ತೆರೆದಿತ್ತು. ಗ್ಯಾಸ್ ವಾಸನೆ ಚೂರೂ ಇರಲಿಲ್ಲ. ಎತ್ತಿಕೊಂಡು ಅಂಗಳಕ್ಕೆ ತಂದು ಮಲಗಿಸಿದೆವು. ಎರಡು ಮೂರು ನಿಮಿಷಕ್ಕೆ ವಾಂತಿ ಮಾಡಿಕೊಂಡ, ನರಳಿದ. ಆ ಎರಡು ಮೂರು ನಿಮಿಷದ ಬಗ್ಗೆ ನನಗೆ ಬರೆಯೋಕೆ ಆಗೋದಿಲ್ಲ.

ಮಾಲೀಕರು ಬಂದರು. ಕೊರೋನಾ ಕಾಲದಲ್ಲಿ ತಂದಿದ್ದ, ರಕ್ತದ ಆಮ್ಲಜನಕ ಅಳೆಯುವ, ಬೆರಳಿಗೆ ಹಾಕುವ ಆಕ್ಸಿಮೀಟರ್ ತಂದು ಮಗನ ಬೆರಳಿಗೆ ಹಾಕಿದರು. 98 ತೋರಿಸಿತು. "ನೋಡಿ, ಏನೂ ಆಗಿಲ್ಲ. ಬಿ.ಪಿ. ಇಳಿದಿರಬೇಕು, ನಿಂಬೆ ಶರಬತ್ತು ಕೊಡಿ. ಇಷ್ಟು ವರ್ಷದಲ್ಲಿ ಯಾರಿಗೂ ಹೀಗಾಗಿಲ್ಲ" ಅಂದರು. ಆ 98 ನೋಡಿ ನಾವೂ ಒಂದು ಕ್ಷಣ ನಂಬಿದೆವು. ತಂಗಿ ಒಬ್ಬಳೇ ಒಪ್ಪಲಿಲ್ಲ, ಕಾರಿನ ಕೀ ತಗೊಂಡಳು. ಫೋನ್ ಮಾಡೋಣ ಅಂದ್ರೆ ಅಂಗಳದಲ್ಲಿ ನೆಟ್‌ವರ್ಕ್ ಇಲ್ಲ. ಆಸ್ಪತ್ರೆ ತಲುಪಲು 40 ನಿಮಿಷ ಹಿಡಿಯಿತು, ಕಿಟಕಿಗಳನ್ನೆಲ್ಲ ಇಳಿಸಿಕೊಂಡು ಹೋದೆವು.

ಆಸ್ಪತ್ರೆಯಲ್ಲಿ ಡಾಕ್ಟರ್ "ಗ್ಯಾಸ್ ಗೀಸರಾ?" ಅಂತಲೇ ಮೊದಲು ಕೇಳಿದರು. ತಕ್ಷಣ ಆಕ್ಸಿಜನ್ ಮಾಸ್ಕ್ ಹಾಕಿಸಿದರು, ರಕ್ತ ತೆಗೆಸಿದರು, ಇ.ಸಿ.ಜಿ. ಮಾಡಿಸಿದರು. ಆಮೇಲೆ ಸಮಾಧಾನವಾಗಿ ಹೇಳಿದ್ದನ್ನು ನಾನು ಅರ್ಥ ಮಾಡಿಕೊಂಡಷ್ಟು ಬರೆಯುತ್ತೇನೆ. ಮುಚ್ಚಿದ ಕೋಣೆಯಲ್ಲಿ ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಸಿಲಿಂಡರ್ ಸೋರಿದಾಗ ನಮಗೆ ಗೊತ್ತಾಗೋದು ಅದಕ್ಕೆ ಬೇಕಂತಲೇ ವಾಸನೆ ಬೆರೆಸಿರುವುದರಿಂದ. ಈ ವಿಷಕ್ಕೆ ಆ ವಾಸನೆಯೂ ಇರೋದಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಲವಾಗಿ ಅಂಟಿಕೊಳ್ಳುತ್ತದೆ. ಆಮ್ಲಜನಕಕ್ಕೆ ಜಾಗವೇ ಸಿಗೋದಿಲ್ಲ. ಬೆರಳಿನ ಆಕ್ಸಿಮೀಟರ್‌ಗೆ ಎರಡಕ್ಕೂ ವ್ಯತ್ಯಾಸ ತಿಳಿಯೋದಿಲ್ಲ, ಅದಕ್ಕೇ 98 ಅಂತ ತೋರಿಸುತ್ತದೆ. ಬರೀ ಗಾಳಿಯಲ್ಲಿ ಈ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು, ಮಾಸ್ಕ್ ಹಾಕಿ ಆಕ್ಸಿಜನ್ ಕೊಟ್ಟರೆ ಒಂದರಿಂದ ಒಂದೂವರೆ ಗಂಟೆ ಸಾಕು. ಅಪ್ಪನಿಗೂ ಉಳಿದಿಬ್ಬರಿಗೂ ಮಾಸ್ಕ್ ಹಾಕಿದರು. ಮಗನನ್ನು ಮಾರನೇ ದಿನದವರೆಗೆ ಇಟ್ಟುಕೊಂಡರು. ಮರೆವು, ನಡೆಯುವಾಗ ತಡವರಿಕೆ ಏನಾದರೂ ಕಂಡರೆ ತಕ್ಷಣ ತೋರಿಸಿ, ಒಂದು ತಿಂಗಳು ಗಮನ ಇಡಿ ಅಂದರು. ದೇವರ ದಯೆ, ಏನೂ ಆಗಲಿಲ್ಲ.

ಸಾಮಾನು ತರೋಕೆ ನಾನೂ ತಂಗಿಯೂ ಆ ಹೋಮ್‌ಸ್ಟೇಗೆ ವಾಪಸ್ ಹೋದೆವು. ಉಳಿಯದ ರಾತ್ರಿಗೂ ದುಡ್ಡು ಹಿಡಿದುಕೊಂಡರು, ಮುರಿದ ಚಿಲಕಕ್ಕೆ 500 ಬೇರೆ ಕೇಳಿದರು. ಕೊಡಲಿಲ್ಲ. ಹೊರಡುವಾಗ ಲೈನ್ ಮನೆಯಿಂದ (ತೋಟದ ಕೆಲಸಗಾರರ ಸಾಲುಮನೆ) ಕೆಲಸಕ್ಕೆ ಬರುವ ಹೆಂಗಸು ಕಾರಿನ ತನಕ ಬಂದರು. "ಹಿತ್ತಿಲಲ್ಲಿ ಸೌದೆ ಹಂಡೆ ಇದೆಯಲ್ಲಾ ಅಕ್ಕಾ, ಕೇಳಿದ್ರೆ ನಾನೇ ಉರಿ ಹಾಕಿ ಕೊಡ್ತಿದ್ದೆ" ಅಂದರು. ನನಗೆ ಅಲ್ಲಿ ತನಕ ತಡೆದಿದ್ದ ಅಳು ಆಗ ಬಂತು.

ಹಾಗಾಗಿ ಹೇಳುತ್ತಿದ್ದೇನೆ. ಬುಕ್ ಮಾಡುವಾಗಲೇ ಫೋನಿನಲ್ಲಿ ಕೇಳಿ, ಬಿಸಿನೀರು ಹೇಗೆ ಕಾಯುತ್ತದೆ ಅಂತ. ಗ್ಯಾಸ್ ಅಂದರೆ ಗೀಸರೂ ಸಿಲಿಂಡರೂ ಹೊರಗಿರಬೇಕು, ಒಳಗೆ ನಲ್ಲಿ ಮಾತ್ರ ಬರಬೇಕು. ಬಚ್ಚಲುಮನೆಯ ಫೋಟೋ ಕಳಿಸಿ ಅನ್ನಿ. ಕಳಿಸೋಕೆ ಹಿಂದೆಮುಂದೆ ನೋಡಿದರೆ ಬೇರೆ ಕಡೆ ನೋಡಿ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯಾ ಅಂತಲೂ ಕೇಳಿ. ಹೋದ ಮೇಲೆ ಒಳಗೇ ಗ್ಯಾಸ್ ಗೀಸರ್ ಕಂಡರೆ ರೂಮ್ ಬದಲಿಸಿ. ಅದೂ ಆಗದಿದ್ದರೆ ಬಕೆಟ್ ತುಂಬಿಸಿಕೊಂಡು, ಗೀಸರ್ ಪೂರ್ತಿ ಆರಿಸಿ, ಬಾಗಿಲು ತೆಗೆದಿಟ್ಟು ಗಾಳಿ ಆಡಿದ ಮೇಲೆ ಸ್ನಾನಕ್ಕೆ ಹೋಗಿ. ಗೀಸರಿನ ಸಣ್ಣ ಕಿಂಡಿಯಲ್ಲಿ ಉರಿ ನೀಲಿ ಬದಲು ಹಳದಿ ಕಂಡರೆ ಮುಟ್ಟಲೇಬೇಡಿ. ನೀಲಿ ಇದೆ ಅಂತ ನಂಬಲೂಬೇಡಿ. ಸ್ನಾನ ಮಾಡಿ ಬಂದವರು ತಲೆನೋವು, ವಾಕರಿಕೆ ಅಂದರೆ ಇನ್ನೊಬ್ಬರನ್ನು ಒಳಗೆ ಕಳಿಸಬೇಡಿ. ಯಾರಾದರೂ ಬಿದ್ದರೆ ಮೊದಲು ಹೊರಗಿನ ಗಾಳಿಗೆ ತನ್ನಿ, ಆಕ್ಸಿಮೀಟರ್ ಏನೇ ತೋರಿಸಲಿ, ಆಸ್ಪತ್ರೆಗೆ ಹೋಗಿ. ತೋಟದ ಮನೆಯಲ್ಲಿ ಉಳಿದ ಮೊದಲ ಸಂಜೆಯೇ ಫೋನ್ ಎಲ್ಲಿ ಸಿಗುತ್ತದೆ, ಆಸ್ಪತ್ರೆ ಎಷ್ಟು ದೂರ ಅಂತ ನೋಡಿಕೊಳ್ಳಿ. ಕಾರನ್ನು ಗೇಟಿನ ಕಡೆ ತಿರುಗಿಸಿ ನಿಲ್ಲಿಸಿ.

ಡಿಸ್ಚಾರ್ಜ್ ಆದ ದಿನ ಮಡಿಕೇರಿಯಲ್ಲೇ ಒಂದು ಸಾದಾ ಲಾಡ್ಜ್‌ನಲ್ಲಿ ಉಳಿದೆವು. ಸಂಜೆ ಓಂಕಾರೇಶ್ವರ ದೇವಸ್ಥಾನಕ್ಕೆ ಹೋದೆವು. 1820ರಲ್ಲಿ ಕೊಡಗಿನ ರಾಜ ಲಿಂಗರಾಜೇಂದ್ರ ಕಟ್ಟಿಸಿದ್ದು. ಮೇಲೆ ಗುಮ್ಮಟ, ಮುಂದೆ ಕೊಳ. ಇಡೀ ಪ್ರವಾಸದಲ್ಲಿ ನನಗೆ ಮನಸ್ಸಿಗೆ ಹಿತ ಅನ್ನಿಸಿದ ಜಾಗ ಅದೊಂದೇ. ಮಗ ಕೊಳದ ಮೆಟ್ಟಿಲ ಮೇಲೆ ಕೂತು ಮೀನು ನೋಡುತ್ತಿದ್ದ. ನಾವು ಯಾರೂ ಏನೂ ಮಾತಾಡಲಿಲ್ಲ.

ಅವನ ತಲೆಯಲ್ಲಿ ಹಬ್ಬದ ಎಣ್ಣೆ ಹಾಗೇ ಇತ್ತು. ಆಸ್ಪತ್ರೆಯ ದಿಂಬಿಗೂ ಅಂಟಿತ್ತು. ತುಮಕೂರಿಗೆ ಬಂದ ಮಾರನೇ ಬೆಳಿಗ್ಗೆ ಅಮ್ಮ ನೀರು ಕಾಯಿಸಿ ಅವನನ್ನು ಸ್ನಾನಕ್ಕೆ ಕಳಿಸಿದಳು. ಚಿಲಕ ಹಾಕಬೇಡ ಅಂದಳು. ಸೀಗೆಪುಡಿ ಬಟ್ಟಲು ತೊಡೆ ಮೇಲಿಟ್ಟುಕೊಂಡು ಬಾಗಿಲ ಹೊರಗೆ ಮಣೆ ಹಾಕಿ ಕೂತಳು. ಎರಡು ನಿಮಿಷಕ್ಕೊಮ್ಮೆ ಅವನ ಹೆಸರು ಕರೆಯುತ್ತಿದ್ದಳು. ಅವನು ಒಳಗಿನಿಂದ ಪ್ರತಿಸಲವೂ "ಇದೀನಿ ಅಜ್ಜಿ" ಅನ್ನುತ್ತಿದ್ದ.